ಹಳ್ಳದಾಚೆ ತೋಟಕ್ಕೆ ಹಾಕಿದ ರೇಡಿಯೋ ಮೋಡೆಮ್: ಎರಡು ಮಳೆಗಾಲ ಕಳೆದ್ಮೇಲೆ ಬರೀತಿರೋ ರಿವ್ಯೂ

ಆಚೆ ತೋಟದ ಮಳೆ ಲೆಕ್ಕ ಮನೆಗೆ ತರೋ ಈ ಮೋಡೆಮ್ ಪಾರ್ಸೆಲ್ ಒಡೆದು ಮೇಜಿನ ಮೇಲಿಟ್ಟು ಲೈಟ್ ಮಿಣುಕಿದ್ದು ನೋಡಿ ಅವತ್ತೇ ಐದು ಸ್ಟಾರ್ ಕೊಟ್ಟೋರು ಬೇಕಾದಷ್ಟು ಜನ ಇದ್ದಾರೆ, ನಾನೂ ಕೊಡೋನಿದ್ದೆ, ಅಷ್ಟರಲ್ಲಿ ತೋಟದಲ್ಲಿ ಹಾಕಿ ನೋಡೋಣ ಅಂತ ಹೋಗಿ ಸಿಕ್ಕಾಕೊಂಡೆ. ಈಗ ಎರಡು ಮಳೆಗಾಲ ಆಯ್ತು, ಬೈಯೋದೂ ಹೊಗಳೋದೂ ಎರಡೂ ಇದೆ, ಅದಕ್ಕೆ ಈಗ ಬರೀತಿದೀನಿ.

ನಮ್ದು ಕೊಪ್ಪ ಕಡೆ. ಮನೆ ಸುತ್ತ ಅಡಿಕೆ, ಎದುರಿಗೆ ಹಳ್ಳ, ಹಳ್ಳ ದಾಟಿ ಎದುರು ಗುಡ್ಡ ಹತ್ತಿದ್ರೆ ಐದೆಕರೆ ರೋಬಸ್ಟಾ. ಮ್ಯಾಪಲ್ಲಿ ಗೆರೆ ಎಳೆದ್ರೆ 1.4 ಕಿಲೋಮೀಟರ್ ಅಷ್ಟೇ, ನಡ್ಕೊಂಡು ಹೋದ್ರೆ ಮುಕ್ಕಾಲು ಗಂಟೆ, ಜುಲೈಲಿ ಕಾಲುಸಂಕದ ಮೇಲೆ ನೀರು ಬಂದ್ರೆ ಹೋಗೋ ಮಾತೇ ಇಲ್ಲ. ಅಲ್ಲೊಂದು ಡೇಟಾಲಾಗರ್, ಅಂದ್ರೆ ತಾನೇ ಲೆಕ್ಕ ಬರೆದಿಡೋ ಪೆಟ್ಟಿಗೆ ಇಟ್ಟಿದೀವಿ, ಅದಕ್ಕೆ ಟಿಪ್ಪಿಂಗ್ ಬಕೆಟ್ (ನೀರು ತುಂಬಿದಂಗೆ ಮಗುಚಿ ಎಣಿಸೋ) ಮಳೆಮಾಪಕ, ಎರಡು ಮಣ್ಣಿನ ತೇವದ ಸೆನ್ಸರ್, ಒಂದು ಎಲೆ ತೇವದ್ದು. ಇದೆಲ್ಲ ಶೋಕಿಗೆ ಅಂತ ಅಂದ್ಕೋಬೇಡಿ. ಫೆಬ್ರವರಿ ಮಾರ್ಚ್ ಹೂ ಮಳೆ ಹೊತ್ತಲ್ಲಿ ಮನೆ ಹತ್ರ 80 ಸೆಂಟ್ಸ್ ಮಳೆ (ನೂರು ಸೆಂಟ್ಸ್ ಅಂದ್ರೆ ಒಂದಿಂಚು) ಬಿದ್ದಿರುತ್ತೆ, ಆಚೆ ಗುಡ್ಡದಲ್ಲಿ 20 ಸೆಂಟ್ಸೂ ಇರಲ್ಲ. ಒಂದಿಂಚು ಹತ್ರ ಬಂದ್ರೆ ಹೂ ಒಟ್ಟಿಗೆ ಬಿಡುತ್ತೆ, ಇಪ್ಪತ್ತು ಮೂವತ್ತು ಸೆಂಟ್ಸಿಗೆ ನಿಂತ್ರೆ ಮೊಗ್ಗು ಅರ್ಧಂಬರ್ಧ ಎದ್ದು ಹಾಳಾಗುತ್ತೆ, ಅವತ್ತೇ ಸ್ಪ್ರಿಂಕ್ಲರ್ ಹಾಕ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡ್ಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಪ್ರತಿ ಗ್ರಾಮ ಪಂಚಾಯ್ತಿಗೂ ಒಂದೊಂದು ಮಳೆಮಾಪಕ ಹಾಕಿದಾರೆ, 15 ನಿಮಿಷಕ್ಕೊಂದ್ಸಲ ಲೆಕ್ಕ ಬರುತ್ತೆ, ಒಳ್ಳೆ ಕೆಲಸ ಅದು, ಆದ್ರೆ ಅದು ಪಂಚಾಯ್ತಿ ಮಳೆ, ನಮ್ ತೋಟದ ಮಳೆ ಅಲ್ಲ.

ಮೊದಲು ಸಿಮ್ ಹಾಕೋ ಮೋಡೆಮ್ ಇತ್ತು. ಬೇಸಿಗೇಲಿ ಚೆನ್ನಾಗೇ ನಡೀತಿತ್ತು. ಮಳೆ ಹಿಡಿದು ಎರಡು ದಿನ ಕರೆಂಟ್ ಹೋದ್ರೆ ಟವರ್ ಬ್ಯಾಟರಿ ಖಾಲಿ, ಟವರ್ ಜೊತೆ ನಮ್ ಲೆಕ್ಕಾನೂ ಖಾಲಿ. ಅಂದ್ರೆ ಯಾವತ್ತು ಮಳೆ ಜೋರೋ ಅವತ್ತೇ ಮಳೆ ಲೆಕ್ಕ ಇಲ್ಲ. ಟವರಿನ ಹಂಗೇ ಬೇಡ, ನಮ್ದೇ ರೇಡಿಯೋ ಹಾಕೋಣ ಅಂತ ಹೊರಟಿದ್ದು ಹಿಂಗೆ.

ತಗೊಂಡಿದ್ದು ಆರ್‌ಎಸ್485 (ಎರಡು ತಂತೀಲಿ ಲೆಕ್ಕ ಸಾಗಿಸೋ ಪದ್ಧತಿ) ಇರೋ ಲೋರಾ (ಕಮ್ಮಿ ಪವರಲ್ಲಿ ದೂರ ಕಳಿಸೋ) ರೇಡಿಯೋ ಮೋಡೆಮ್, ಒಂದು ಜೋಡಿ, ಎರಡಕ್ಕೂ ಸೇರಿ ಎಂಟು ಸಾವಿರದ ಒಳಗೇ ಬಂತು. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ, ಒಳಗಿರೋದು ಸೆಮ್‌ಟೆಕ್‌ನ ಎಸ್‌ಎಕ್ಸ್1262 ಚಿಪ್ಪು, ಇದೇ ಚಿಪ್ಪಿನ ಡಬ್ಬಗಳು ಬೇರೆ ಬೇರೆ ಹೆಸರಲ್ಲಿ ಸಿಗ್ತವೆ, ನಾನು ಹೇಳೋದ್ರಲ್ಲಿ ಮುಕ್ಕಾಲು ಪಾಲು ಎಲ್ಲದಕ್ಕೂ ಲಾಗು. ಕೆಲಸ ಏನು ಅಂದ್ರೆ, ಲಾಗರ್‌ಗೂ ಕಂಪ್ಯೂಟರ್‌ಗೂ ಮಧ್ಯ ಎಳೀಬೇಕಾಗಿದ್ದ ಎರಡು ತಂತಿ ಬದಲು ಗಾಳಿ. ಈ ಕಡೆ ಹಾಕಿದ ಬೈಟು ಆ ಕಡೆ ಹಂಗೇ ಹೊರಗೆ ಬರುತ್ತೆ. ತಿಂಗಳ ರೀಚಾರ್ಜ್ ಇಲ್ಲ, ಇಂಟರ್‌ನೆಟ್ ಬೇಡ, ಯಾವ ಕ್ಲೌಡೂ ಬೇಡ, ನಮಗೆ ಆಕಾಶದಲ್ಲಿರೋ ಕ್ಲೌಡೇ ಸಾಕಾಗಿದೆ.

ಕೊಳ್ಳೋ ಮುಂಚೆ ಒಂದು ವಿಷಯ, ಇದನ್ನ ಯಾರೂ ಹೇಳಲ್ಲ. ನಮ್ ದೇಶದಲ್ಲಿ ಇಂಥ ರೇಡಿಯೋನ ಲೈಸೆನ್ಸ್ ಇಲ್ದೆ ಬಳಸೋಕೆ ಬಿಟ್ಟಿರೋದು 865ರಿಂದ 868 ಮೆಗಾಹರ್ಟ್ಸ್ ಫ್ರೀಕ್ವೆನ್ಸಿ. 2005ರಲ್ಲಿ 867ರವರೆಗೆ ಬಿಟ್ಟಿದ್ರು, 2021ರಲ್ಲಿ 868ಕ್ಕೆ ಹಿಗ್ಗಿಸಿದ್ರು. ಹೊರಗಿಂದ ಬರೋ ಡಬ್ಬಗಳಲ್ಲಿ ಎಷ್ಟೋ 915ಕ್ಕೆ ಸೆಟ್ ಆಗಿರ್ತವೆ, ಅದು ಅಮೆರಿಕದ ಬ್ಯಾಂಡು, ಅಲ್ಲಿ 902ರಿಂದ 928 ಫ್ರೀ. ಕ್ಯಾಂಪ್‌ಬೆಲ್ ಸೈಂಟಿಫಿಕ್ ಕಂಪನಿ ಲಾಗರ್ ಜೊತೆ ಬರೋ ಆರ್‌ಎಫ್407 ರೇಡಿಯೋನೂ ಆ ಬ್ಯಾಂಡಿಂದೇ, ಇಲ್ಲಿ ಆ ಜಾಗದ ಒಂದು ಭಾಗದಲ್ಲಿ ಮೊಬೈಲ್‌ನವರು ದುಡ್ಡು ಕೊಟ್ಟು ಕೂತಿದಾರೆ. ನನಗೆ ಬಂದಿದ್ದು 868.125ಕ್ಕೆ ಸೆಟ್ ಆಗಿತ್ತು, ನೋಡೋಕೆ ಸರಿ ಅನ್ಸುತ್ತೆ, ಲೆಕ್ಕ ಹಾಕಿದ್ರೆ ಬೇಲಿ ಆಚೆ ಒಂದು ಕಾಲು ಇಟ್ಟಂಗೆ. 866.125ಕ್ಕೆ ಇಳಿಸ್ದೆ. ಇಟಿಎ ಸರ್ಟಿಫಿಕೇಟ್ (ಈ ರೇಡಿಯೋಗೆ ಸರ್ಕಾರದ ಒಪ್ಪಿಗೆ ಚೀಟಿ) ಇದ್ಯಾ ಅಂತ ಮಾರೋರನ್ನ ಕೇಳಿ, ಎರಡು ಸಲ ಕೇಳಿದ್ಮೇಲೆ ನನಗೆ ಪಿಡಿಎಫ್ ಕಳಿಸಿದ್ರು.

ಡಬ್ಬ ಗಟ್ಟಿ ಇದೆ, ಲೋಹದ್ದು, ಅಂಗೈಯಷ್ಟು. ಒಂದು ತುದೀಲಿ ಆಂಟೆನಾ ಕಚ್ಚೋ ಎಸ್‌ಎಂಎ ತಿರುಪು ಬಾಯಿ, ಇನ್ನೊಂದು ತುದೀಲಿ ಎ, ಬಿ, ಪಾಸಿಟಿವ್, ನೆಗೆಟಿವ್ ತಿರುಪು. ಮ್ಯಾನುಯಲ್ ಮಾತ್ರ ದೇವರಿಗೇ ಪ್ರೀತಿ. ಸೆಟ್ಟಿಂಗ್ ಮಾಡೋ ಸಾಫ್ಟ್‌ವೇರ್ ವಿಂಡೋಸಲ್ಲಿ ಮಾತ್ರ, ಅದನ್ನ ಇಳಿಸ್ಕೊಂಡ ತಕ್ಷಣ ಆಂಟಿವೈರಸ್ ಬೊಬ್ಬೆ ಹೊಡೀತು. ಎರಡೂ ಕಡೆ ಚಾನೆಲ್ಲು, ಗಾಳೀಲಿ ಹೋಗೋ ಸ್ಪೀಡು, ಅಡ್ರೆಸ್ಸು, ಕೀ ನಾಲ್ಕೂ ಒಂದೇ ಇರ್ಬೇಕು. ಈ ಕೀ ಅನ್ನೋ ಗುಪ್ತ ಸಂಖ್ಯೆ ಒಂದ್ಸಲ ಬರೆದ್ರೆ ಮತ್ತೆ ಓದಿ ನೋಡೋಕೆ ಬಿಡಲ್ಲ. ರಜಕ್ಕೆ ಬಂದಿದ್ದ ಅಕ್ಕನ ಮಗ ಒಂದಕ್ಕೆ ಮಾತ್ರ ಕೀ ಹಾಕಿ ಬೆಂಗಳೂರಿಗೆ ಬಸ್ ಹತ್ತಿಬಿಟ್ಟ, ನಾನು ಮೂರು ದಿನ ಒದ್ದಾಡಿ ಫೋನ್ ಮಾಡಿದ್ರೆ "ಹೌದು ಮಾವಾ, ಏನೋ ಹಾಕಿದ್ದೆ, ಏನು ಅಂತ ನೆನಪಿಲ್ಲ" ಅಂದ. ಎರಡಕ್ಕೂ ಸೊನ್ನೆ ಬರೆದು ಹೊಸದಾಗಿ ಶುರು ಮಾಡ್ದೆ.

ಇನ್ನೊಂದು ಪೆದ್ದುತನ ನಂದೇ. ಮನೇಲಿ ಹಳೇ ವೈಫೈ ರೂಟರ್‌ದು ಉದ್ದ ಆಂಟೆನಾ ಇತ್ತಲ್ಲ ಅಂತ ಅದನ್ನ ತಿರುಗಿಸ್ದೆ, ಸರಿಯಾಗೇ ಕೂತ್ಕೊಳ್ತು. ಆಮೇಲೆ ಗೊತ್ತಾಯ್ತು, ರೂಟರ್‌ದು ಆರ್‌ಪಿ ಎಸ್‌ಎಂಎ ಅಂತ ಬೇರೆ ಜಾತಿ, ತಿರುಪಿನ ಮರೆ ಮಾತ್ರ ಕಚ್ಚುತ್ತೆ, ಮಧ್ಯದ ಪಿನ್ನೇ ಇರಲ್ಲ, ಅಂದ್ರೆ ಆಂಟೆನಾ ಹಾಕಿಯೂ ಹಾಕಿಲ್ಲ. ಹಾಗೆ ಖಾಲಿ ಬಾಯಲ್ಲಿ ಟ್ರಾನ್ಸ್‌ಮಿಟ್ ಮಾಡ್ಸಿದ್ರೆ ಚಿಪ್ಪು ಸುಟ್ಟೇ ಹೋಗ್ಬಹುದು. ಅದೂ ಅಲ್ದೆ ಅದು 2.4 ಗಿಗಾಹರ್ಟ್ಸಿಂದು. ನಮ್ಮ 866ಕ್ಕೆ ಕಾಲು ತರಂಗದ ಕಡ್ಡಿ ಅಂದ್ರೆ 8.65 ಸೆಂಟಿಮೀಟರ್, ಬೇಕಾದ್ರೆ ತಾಮ್ರದ ತಂತಿ ಕತ್ತರಿಸಿ ನೀವೇ ಮಾಡ್ಕೋಬಹುದು.

ಈಗ ಮುಖ್ಯ ವಿಷಯ. ಡಬ್ಬದ ಮೇಲೆ ಐದು ಕಿಲೋಮೀಟರ್ ಅಂತ ಬರೆದಿದಾರೆ. ಸುಳ್ಳಲ್ಲ, ಬಯಲುಸೀಮೇಲಿ ಒಂದು ಕೆರೆ ಏರಿ ಮೇಲಿಂದ ಇನ್ನೊಂದು ಕೆರೆ ಏರಿಗೆ ಬಂದೇ ಬರುತ್ತೆ. ನಾನು ತೋಟದಲ್ಲಿ ಲಾಗರ್ ಕಂಬಕ್ಕೇ, ಐದಡಿ ಎತ್ತರಕ್ಕೆ ಕಟ್ಟಿ, ಮನೆಗೆ ಬಂದು ನೂರು ಪ್ಯಾಕೆಟ್ (ಒಂದು ಸಲಕ್ಕೆ ಹೋಗೋ ಲೆಕ್ಕದ ತುಣುಕು) ಕರೆದೆ, ಬಂದಿದ್ದು ಹನ್ನೊಂದು. ಸಿಗ್ನಲ್ ಮೈನಸ್ 126 ಡಿಬಿಎಂ (ರೇಡಿಯೋ ಜೋರಿನ ಅಳತೆ, ಮೈನಸ್ ಅಂಕಿ ಸೊನ್ನೆಗೆ ಹತ್ರ ಬಂದಷ್ಟೂ ಜೋರು). ಸುತ್ತ ಕಾಫಿ ಗಿಡ, ಮೇಲೆ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಕಾಳುಮೆಣಸು, ಎಲ್ಲ ನೀರು ತುಂಬಿದ ಎಲೆಗಳೇ, ರೇಡಿಯೋಗೆ ಅದು ಒದ್ದೆ ಕಂಬಳಿ.

ಮಾರೋರಿಗೆ ಫೋನ್ ಮಾಡ್ದೆ, "ಸರ್ ನೀವು 30 ಡಿಬಿಎಂದು ತಗೋಬೇಕಿತ್ತು" ಅಂದ್ರು. ನಂದು 22 ಡಿಬಿಎಂ, ಅಂದ್ರೆ ಸುಮಾರು 158 ಮಿಲಿವ್ಯಾಟ್, 30 ಅಂದ್ರೆ ಪೂರ್ತಿ ಒಂದು ವ್ಯಾಟ್, ಕಾನೂನಿನ ಮಿತಿಯೂ ಅಷ್ಟೇ. ಆರು ಪಟ್ಟು ಜೋರು. ಆರ್ಡರ್ ಮಾಡೋನಿದ್ದೆ, ಅಷ್ಟರಲ್ಲಿ ಅಡಿಕೆ ಕೊಯ್ಯೋ ಉದ್ದ ಕೋಲು, ದೋಟಿ, ಕಣ್ಣಿಗೆ ಬಿತ್ತು.

ದೋಟಿ ತುದೀಲಿ ಕತ್ತಿ ಬಿಚ್ಚಿ ಮೋಡೆಮ್ಮನ್ನೇ ಆಂಟೆನಾ ಸಮೇತ ಟೇಪ್ ಸುತ್ತಿ ಕಟ್ಟಿದ್ವಿ, ಕೆಳಗೆ ವೈರು ಇಳಿಬಿಟ್ವಿ. ನಮ್ ಅಡಿಕೆ ಕೊನೆ ಇಳಿಸೋ ಕೊನೆಗಾರರು ಹಿಡ್ಕೊಂಡು ನಿಂತ್ರು, "ಎಂಥದಣ್ಣಾ ಇದು, ಯಾವ ಕೊನೆ ಇಳಿಸ್ಬೇಕು ಇದ್ರಲ್ಲಿ" ಅಂತ ನಗ್ತಾ. ಒಂದೊಂದು ಗೇಣು ಎತ್ತಿದಂಗೂ ಮನೇಲಿ ಕೂತ ನನ್ ಹೆಂಡತಿ ಪೀಪಿ ಊದೋದು, ಪ್ಯಾಕೆಟ್ ಬಂತು ಅಂದ್ರೆ ಒಂದು ಪೀ, ಬರ್ಲಿಲ್ಲ ಅಂದ್ರೆ ಸುಮ್ನೆ, ಯಾಕಂದ್ರೆ ಅವತ್ತು ಅಲ್ಲಿ ಫೋನ್ ಸಿಗ್ನಲ್ ಇರ್ಲಿಲ್ಲ, ಪೀಪಿ ಮಾತ್ರ ಹಳ್ಳ ದಾಟಿ ಚೆನ್ನಾಗಿ ಕೇಳುತ್ತೆ. ಹದಿನೈದು ಅಡಿವರೆಗೂ ಅಲ್ಲೊಂದು ಇಲ್ಲೊಂದು. ಇಪ್ಪತ್ತು ದಾಟಿ ಕಾಫಿಯ ನೆತ್ತಿ, ಮೆಣಸಿನ ಬಳ್ಳಿ ಎಲ್ಲ ಕೆಳಗೆ ಬಿಟ್ಟು ಹಳ್ಳದ ಕಡೆ ಬಯಲು ಕಂಡಾಗ ಪೀಪಿ ನಿಲ್ಲೋದೇ ಇಲ್ಲ! ಮೂವತ್ತಡೀಲಿ ನೂರಕ್ಕೆ 97, ಸಿಗ್ನಲ್ ಮೈನಸ್ 107. 126ರಿಂದ 107ಕ್ಕೆ ಅಂದ್ರೆ 19 ಡಿಬಿ, ಸುಮಾರು 80 ಪಟ್ಟು. ಆರು ಪಟ್ಟಿಗೆ ದುಡ್ಡು ಕೊಡೋನಿದ್ದೆ, 80 ಪಟ್ಟು ದೋಟಿ ಪುಕ್ಕಟೆ ಕೊಡ್ತು. ಹೀಗೆ ಮಾಡೋರು ಮೇಲೆ ಕರೆಂಟ್ ಲೈನ್ ಇದ್ಯಾ ಅಂತ ಮೊದಲು ನೋಡಿ ಮಾರಾಯ್ರೆ, ಅಲ್ಯೂಮಿನಿಯಂ ದೋಟಿ, ಕಾರ್ಬನ್ ದೋಟಿ ಎರಡರಲ್ಲೂ ಕರೆಂಟ್ ಹರಿಯುತ್ತೆ, ಕೊಯ್ಲಲ್ಲಿ ಲೈನಿಗೆ ತಾಗಿ ಜೀವ ಹೋದ ಸುದ್ದಿ ಮಲ್ನಾಡಲ್ಲಿ ಹೊಸದಲ್ಲ.

ಎತ್ತರ ಯಾಕೆ ಇಷ್ಟು ಕೆಲಸ ಮಾಡುತ್ತೆ ಅಂದ್ರೆ, ಎರಡು ಆಂಟೆನಾ ಕಣ್ಣಿಗೆ ಕಣ್ಣು ಕಂಡ್ರೆ ಸಾಲ್ದು, ರೇಡಿಯೋಗೆ ಮಧ್ಯದಲ್ಲಿ ಹೊಟ್ಟೆ ಉಬ್ಬಿದ ಕೊಳವೆ ತರ ಜಾಗ ಬೇಕು, ಫ್ರೆನೆಲ್ ಜೋನ್ ಅಂತಾರೆ. 866ರಲ್ಲಿ 1.4 ಕಿಲೋಮೀಟರಿಗೆ ನಟ್ಟ ನಡುವೆ ಗೆರೆಯಿಂದ ಸುತ್ತಲೂ 11 ಮೀಟರ್, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, 60 ಪರ್ಸೆಂಟ್ ಆದ್ರೂ ಖಾಲಿ ಇರ್ಬೇಕು. ನಮಗೆ ನಡುವೆ ಹಳ್ಳ ಇರೋದು ಪುಣ್ಯ, ಗುಡ್ಡ ಇದ್ದಿದ್ರೆ ದೋಟಿ ಅಲ್ಲ, ಅದರ ಅಪ್ಪ ಬಂದ್ರೂ ಆಗ್ತಿರ್ಲಿಲ್ಲ, ಗುಡ್ಡದ ತಲೆ ಮೇಲೆ ಮೂರನೇ ಡಬ್ಬನ ಸಿಗ್ನಲ್ ದಾಟಿಸೋ ರಿಪೀಟರ್ ಮಾಡಿ ಇಡ್ಬೇಕಿತ್ತು.

ಕೊನೆಗೆ ಒಂದು ಸಿಲ್ವರ್ ಮರಕ್ಕೇ ಫಿಕ್ಸ್ ಮಾಡಿದ್ದು. ಇಲ್ಲಿ ಎಲ್ಲರೂ ಮಾಡೋ ತಪ್ಪು, ಡಬ್ಬ ಕೆಳಗಿಟ್ಟು ಆಂಟೆನಾ ಕೇಬಲ್ ಮೇಲಕ್ಕೆ ಎಳೆಯೋದು. ಅಂಗಡೀಲಿ ಸುಲಭವಾಗಿ ಸಿಗೋ ತೆಳ್ಳಗಿನ ಆರ್‌ಜಿ58 ಕೇಬಲ್ಲು ಈ ಫ್ರೀಕ್ವೆನ್ಸೀಲಿ ಮೀಟರಿಗೆ ಅರ್ಧ ಡಿಬಿ ನುಂಗುತ್ತೆ, ಹತ್ತು ಮೀಟರ್ ಎಳೆದ್ರೆ ಮೂರನೇ ಎರಡು ಪಾಲು ಪವರ್ ಕೇಬಲ್ಲಲ್ಲೇ ಬಿಸಿಯಾಗಿ ಹೋಗುತ್ತೆ. ದಪ್ಪದ ಕೇಬಲ್ ಹಾಕ್ಬಹುದು, ದುಬಾರಿ. ನಾನು ಮೋಡೆಮ್ಮನ್ನೇ ಡಬ್ಬಿಯೊಳಗಿಟ್ಟು ಮರದ ಮೇಲೆ ಹತ್ತಿಸ್ದೆ, ಕೆಳಗೆ ಇಳಿದಿದ್ದು ಆರ್‌ಎಸ್485ದು ಎರಡು ಎಳೆ, 12 ವೋಲ್ಟಿಂದು ಎರಡು ಎಳೆ. ಆರ್‌ಎಸ್485 ಕಮ್ಮಿ ಸ್ಪೀಡಲ್ಲಿ ಒಂದು ಕಿಲೋಮೀಟರ್ ದೂರ ಬೇಕಾದ್ರೂ ಹೋಗುತ್ತೆ, ಮೂವತ್ತಡಿ ಯಾವ ಲೆಕ್ಕ. ಆರ್‌ಎಸ್232 ಇರೋ ಮಾಡೆಲ್ ಬದಲು 485 ತಗೊಳ್ಳಿ ಅಂತ ನಾನು ಹೇಳೋದು ಇದೊಂದೇ ಕಾರಣಕ್ಕೆ.

ಇದಾದ್ಮೇಲೂ ಲೆಕ್ಕ ಪೂರ್ತಿ ಬರ್ತಿರ್ಲಿಲ್ಲ. ಸಿಗ್ನಲ್ ಚೆನ್ನಾಗಿದೆ, ಸಣ್ಣ ಪ್ರಶ್ನೆಗೆ ಉತ್ತರ ಬರುತ್ತೆ, ಇಡೀ ದಿನದ್ದು ಕೇಳಿದ್ರೆ ಸಿಆರ್‌ಸಿ ಎರರ್, ಅಂದ್ರೆ ಬಂದ ಲೆಕ್ಕ ತಾಳೆ ಆಗ್ತಿಲ್ಲ ಅಂತ. ಒಂದು ವಾರ ತಲೆ ಕೆಟ್ಟೋಯ್ತು. ಲಾಗರ್ ಮಾತಾಡೋ ಭಾಷೆ ಮೋಡ್‌ಬಸ್, ಅದರಲ್ಲಿ ಒಂದೇ ಸಲ 125 ರಿಜಿಸ್ಟರ್ (ಅಂಕಿ ಇಡೋ ಖಾನೆ) ಕೇಳಿದ್ರೆ ಉತ್ತರ 255 ಬೈಟ್. ಈ ಮೋಡೆಮ್ ಒಂದು ಪ್ಯಾಕೆಟ್ಟಿಗೆ 240 ಬೈಟ್ ಮಾತ್ರ ತುಂಬುತ್ತೆ, ಉಳಿದ 15 ಬೈಟ್ ಮುಂದಿನ ಪ್ಯಾಕೆಟ್ಟಲ್ಲಿ. ಮಧ್ಯ ಒಂದು ಸಣ್ಣ ಗ್ಯಾಪು. ಮೋಡ್‌ಬಸ್‌ನಲ್ಲಿ ಮೂರೂವರೆ ಅಕ್ಷರದಷ್ಟು ಹೊತ್ತು ಸುಮ್ಮನಾದ್ರೆ ಮಾತು ಮುಗೀತು ಅಂತ ಅರ್ಥ, ಹಾಗಾಗಿ ಕಂಪ್ಯೂಟರ್ ಅರ್ಧ ವಾಕ್ಯಕ್ಕೇ ಫೋನ್ ಇಟ್ಟಂಗೆ ಆಗ್ತಿತ್ತು. ಇಪ್ಪತ್ತಿಪ್ಪತ್ತೇ ರಿಜಿಸ್ಟರ್ ಕೇಳೋಕೆ ಶುರು ಮಾಡಿ, ಟೈಮ್‌ಔಟ್ ಮೂರು ಸೆಕೆಂಡ್ ಮಾಡಿದ್ಮೇಲೆ ಒಂದೂ ಎರರ್ ಇಲ್ಲ. ಮ್ಯಾನುಯಲ್ಲಲ್ಲಿ ಇದರ ಬಗ್ಗೆ ಅರ್ಧ ಸಾಲು ಇದ್ದಿದ್ರೆ ನನ್ ಒಂದು ವಾರ ಉಳೀತಿತ್ತು, ಅರ್ಧ ಸ್ಟಾರ್ ಕಟ್ ಮಾಡಿದ್ದು ಇದಕ್ಕೇ. ಗಾಳೀಲಿ ಹೋಗೋ ಸ್ಪೀಡನ್ನೂ ಸುಮ್ನೆ ತೀರಾ ಕಮ್ಮಿ ಇಡ್ಬೇಡಿ. ಲೋರಾದಲ್ಲಿ ನಿಧಾನ ಮಾಡಿದಷ್ಟೂ ದೂರ ಹೋಗುತ್ತೆ ನಿಜ, ಆದ್ರೆ ಒಂದೊಂದು ಮೆಟ್ಟಿಲು ಇಳಿದಂಗೂ ಸಿಗೋದು ಎರಡೂವರೆ ಡಿಬಿ, ಟ್ರಾನ್ಸ್‌ಮಿಟ್ ಸಮಯ ಮಾತ್ರ ಹತ್ರಹತ್ರ ಎರಡು ಪಟ್ಟು, ಬ್ಯಾಟರಿಯಿಂದ ಹೋಗೋದು ಅದೇ.

ಬ್ಯಾಟರಿ ವಿಷಯಕ್ಕೆ ಬರೋಣ. ಮೊದಲ ವರ್ಷ ಜುಲೈ, ಒಂಬತ್ತು ದಿನ ಸೂರ್ಯನ ಮುಖ ಕಾಣ್ಲಿಲ್ಲ, ಹತ್ತನೇ ದಿನ ಬೆಳಿಗ್ಗೆ ಮೋಡೆಮ್ ಸತ್ತಿತ್ತು. 12 ವೋಲ್ಟ್ 7 ಎಎಚ್ (ಆಂಪಿಯರ್ ಅವರ್) ಬ್ಯಾಟರಿ, 10 ವ್ಯಾಟ್ ಸೋಲಾರ್ ಪ್ಯಾನೆಲ್, ಅಂಗಡಿಯವರು ಭರ್ಜರಿ ಸಾಕು ಅಂದಿದ್ರು. ಮೀಟರ್ ಇಟ್ಟು ನೋಡಿದ್ರೆ ಮೋಡೆಮ್ ಸುಮ್ನೆ ಕಿವಿ ಕೊಟ್ಟು ಕೂತಿದ್ರೂ 18 ಮಿಲಿಆಂಪ್ ಎಳೀತಿದೆ, ಲಾಗರ್ ಬರೀ 2. ದಿನಕ್ಕೆ ಅರ್ಧ ಎಎಚ್, ಅರ್ಧ ಬ್ಯಾಟರಿ ಖಾಲಿಯಾಗೋಕೆ ಏಳು ದಿನ, ಮಲ್ನಾಡ ಮೋಡಕ್ಕೆ ಏಳು ದಿನ ಎಂಥ ಲೆಕ್ಕ! ಲೀಫ್ಲೆಟ್ಟಲ್ಲಿ ದೊಡ್ಡಕ್ಷರದಲ್ಲಿ ಹಾಕಿದ್ದ ಮೈಕ್ರೋಆಂಪ್ ಸ್ಲೀಪ್ ಬರೀ ಚಿಪ್ಪಿಂದು, ಡಬ್ಬದ್ದಲ್ಲ. ಲಾಗರ್‌ಗೆ ಸ್ವಿಚ್ ಮಾಡೋ 12 ವೋಲ್ಟ್ ಔಟ್‌ಪುಟ್ ಇತ್ತು, ಮೋಡೆಮ್ ಕರೆಂಟ್ ಅದಕ್ಕೆ ಕೊಟ್ಟು ಗಂಟೆಗೆ ಎರಡೇ ನಿಮಿಷ ಆನ್ ಆಗೋ ಹಾಗೆ ಮಾಡಿದ್ಮೇಲೆ ಖರ್ಚು ಎಂಟನೇ ಒಂದು ಪಾಲಿಗೆ ಇಳೀತು. ಎರಡನೇ ಮಳೆಗಾಲ ಒಂದ್ಸಲವೂ ಸಾಯ್ಲಿಲ್ಲ. ಎರಡೂ ಕಡೆ ಗಡಿಯಾರ ಸರಿ ಇರ್ಬೇಕು ಅಷ್ಟೇ, ಇಲ್ಲಾಂದ್ರೆ ಅದು ಎದ್ದಾಗ ಇದು ಕರೆಯಲ್ಲ, ಇದು ಕರೆದಾಗ ಅದು ನಿದ್ದೆ.

ಆ ಸತ್ತ ದಿನ ಸಂಕದ ನೀರು ಇಳಿಯೋವರೆಗೂ ಕಾದು, ಬ್ಯಾಟರಿ ಹೊತ್ಕೊಂಡು ಗುಡ್ಡ ಹತ್ತಿದ್ದು, ಕಾಲಲ್ಲಿ ಇಂಬಳ ಎಣಿಸಿದ್ದು ಬೇರೆ ಕತೆ. ಲಾಗರ್ ಮೆಮೊರೀಲಿ ಲೆಕ್ಕ ಎಲ್ಲ ಹಾಗೇ ಇತ್ತು, ಒಂದು ಸಾಲೂ ಹೋಗಿರ್ಲಿಲ್ಲ. ರೇಡಿಯೋ ಇದೆ ಅಂತ ಲಾಗರ್‌ನ ಮೆಮೊರಿ ಕಮ್ಮಿದು ತಗೋಬೇಡಿ.

ಬೇರೆ ಕಾಟಗಳೂ ಇವೆ. ಕೇಬಲ್ ಗ್ಲ್ಯಾಂಡಲ್ಲಿ ಸಣ್ಣ ಸಂದಿ ಬಿಟ್ಟಿದ್ದೆ, ಇರುವೆ ಮೊಟ್ಟೆ ಸಮೇತ ಸಂಸಾರ ಹೂಡಿದ್ವು, ಈಗ ಸಿಲಿಕಾನ್ ಮೆತ್ತಿದೀನಿ. ಚಗಳಿ ಇರುವೆ ಗೂಡು ಕಟ್ಟಿದ್ರೆ ಚಟ್ನಿನಾದ್ರೂ ಆಗ್ತಿತ್ತು. ಮರಗಸಿ (ನೆರಳು ಮರದ ಕೊಂಬೆ ಸವರೋದು) ಮಾಡೋಕೆ ಬಂದವರು ಪಕ್ಕದ ಮರದ ಕೊಂಬೆ ಕಡಿದು ನೇರ ನಮ್ ವೈರಿನ ಮೇಲೆ ಬೀಳಿಸಿದ್ರು, ಅವರ ತಪ್ಪಲ್ಲ, ಹಸಿರು ಪೈಪಲ್ಲಿ ಹಾಕಿದ್ದು ನಾನು, ಹಸಿರಲ್ಲಿ ಹಸಿರು ಯಾರಿಗೆ ಕಾಣುತ್ತೆ. ಏಪ್ರಿಲ್‌ನಲ್ಲಿ ಒಂದು ಸಿಡಿಲು ಮನೆ ಹತ್ರ ಬಿದ್ದು ಮನೆ ಕಡೆ ಡಬ್ಬದ 485 ಚಿಪ್ಪು ಹೋಯ್ತು, ರೇಡಿಯೋ ಬದುಕಿತ್ತು. ಮೊಬೈಲ್ ರಿಪೇರಿ ಮಾಡೋ ಹುಡುಗ ಎಂಟು ಕಾಲಿನ ಆ ಚಿಪ್ಪು ಬದಲಾಯಿಸಿ ಕೊಟ್ಟ, ಅವತ್ತಿಂದ ಓಡ್ತಿದೆ. ಡಬ್ಬದ ಮೇಲೆ ಸರ್ಜ್ ಪ್ರೊಟೆಕ್ಷನ್ ಇದೆ ಅಂತ ಬರೆದಿರೋದನ್ನ ನಂಬ್ಕೊಂಡು ಅರ್ತಿಂಗ್ ಬಿಡ್ಬೇಡಿ. ಇದ್ದಿಲು ಉಪ್ಪು ಹಾಕಿ ಜಿಐ ಪೈಪ್ ಹೂತು ಆಂಟೆನಾ ಲೈನಿಗೆ ಸಿಡಿಲಿನ ಕರೆಂಟ್ ಭೂಮಿಗೆ ಇಳಿಸೋ ಅರೆಸ್ಟರ್ ಹಾಕಿದೀನಿ, ಆದ್ರೂ ಮಧ್ಯಾಹ್ನ ಗುಡುಗು ಶುರುವಾದ್ರೆ ಮನೆ ಕಡೇದು ಪಿನ್ ಕಿತ್ತೇ ಇಡ್ತೀನಿ.

ಮಳೆ ಜೋರಿದ್ದಾಗ ಸಿಗ್ನಲ್ ಹೋಗುತ್ತಾ ಅಂತ ತುಂಬಾ ಜನ ಕೇಳ್ತಾರೆ. ಮಳೆ ಹನಿಯಿಂದ ಈ ಫ್ರೀಕ್ವೆನ್ಸಿಗೆ ಏನೂ ಆಗಲ್ಲ, ಡಿಶ್ ಟಿವಿ ತರ ಅಲ್ಲ ಇದು. ಒದ್ದೆ ಎಲೆಯಿಂದ ಆಗುತ್ತೆ. ಮಾರ್ಚಲ್ಲಿ ಮೈನಸ್ 107 ಇದ್ದಿದ್ದು ಜುಲೈಲಿ 112, 113 ತೋರ್ಸುತ್ತೆ, ನಮಗೆ ಅಷ್ಟು ಇಳಿದ್ರೂ ಜಾಗ ಇತ್ತು. ಬೇಸಿಗೇಲಿ ಅಂಚಿನ ಮೇಲೆ ಕೆಲಸ ಮಾಡೋ ಹಾಗೆ ಕಟ್ಟಿದ್ರೆ ಮಳೆಗಾಲಕ್ಕೆ ಖಂಡಿತ ಕೈ ಕೊಡುತ್ತೆ.

ನಿಮ್ಮ ತೋಟದಲ್ಲಿ ಟವರ್ ಮಳೆಗಾಲದಲ್ಲೂ ನಿಲ್ಲುತ್ತೆ ಅಂದ್ರೆ ಇದರ ಸಹವಾಸ ಬೇಡ, ಸಿಮ್ ಹಾಕಿ ಆರಾಮಾಗಿರಿ. ಫೋಟೋ, ವಿಡಿಯೋ ಕಳಿಸ್ಬೇಕು ಅನ್ನೋರಿಗೂ ಅಲ್ಲ, ಇದು ಗಂಟೆಗೆ ನಾಲ್ಕು ಸಾಲು ಅಂಕಿ ಕಳಿಸೋ ಪ್ರಾಣಿ. ನನ್ನಂಥ ಟವರ್ ಕೈ ಕೊಡೋ, ಎದುರು ಗುಡ್ಡ ಕಣ್ಣಿಗೆ ಕಾಣೋ ಜಾಗಕ್ಕೆ, ಸ್ವಲ್ಪ ಕೈ ಮಣ್ಣು ಮಾಡ್ಕೊಳ್ಳೋಕೆ ಬೇಜಾರಿಲ್ಲದೋರಿಗೆ ಮಾತ್ರ. ಡಬ್ಬಕ್ಕೆ ನಾಲ್ಕು ಸ್ಟಾರ್, ಮ್ಯಾನುಯಲ್ಲಿಗೆ ಒಂದು, ದೋಟಿಗೆ ಐದು.

ಅಪ್ಪಯ್ಯ ಮಾತ್ರ ಇನ್ನೂ ಒಪ್ಪಿಲ್ಲ. ಅವರು ದಿನಾ ಬೆಳಿಗ್ಗೆ ಎಂಟಕ್ಕೆ ಅಳತೆ ಗಾಜಲ್ಲಿ ಮಳೆ ಅಳೆದು ಪುಸ್ತಕದಲ್ಲಿ ಬರೆಯೋರು, ಬಚ್ಚಲು ಒಲೆ ಪಕ್ಕ ಗೂಡಲ್ಲಿ ಹಳೇ ಪುಸ್ತಕಗಳೆಲ್ಲ ಇವೆ. ಡಬ್ಬದ ಲೆಕ್ಕಾನ ಪರೀಕ್ಷೆ ಮಾಡ್ಬೇಕು ಅಂತ ಆಚೆ ತೋಟದ ಮಾಪಕದ ಪಕ್ಕ ತಮ್ಮದೊಂದು ಸಾದಾ ಮಾಪಕ ಇಡ್ಸಿದಾರೆ. ಹೋದ ಜುಲೈಲಿ ಒಂದು ದಿನ ರೇಡಿಯೋ 5 ಇಂಚು 62 ಸೆಂಟ್ಸ್ ಅಂತು, ಆಳು ಹೋಗಿ ಅಳೆದು ಬಂದಿದ್ದು 6 ಇಂಚು 5 ಸೆಂಟ್ಸ್. ಮಳೆ ಹೊಡೆತ ಜೋರಾದ್ರೆ ಟಿಪ್ಪಿಂಗ್ ಬಕೆಟ್ ಮಗುಚೋ ಹೊತ್ತಲ್ಲಿ ಸ್ವಲ್ಪ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತೆ, ಅದು ಮಾಪಕದ್ದು, ಮೋಡೆಮ್ಮಿಂದಲ್ಲ ಅಂತ ನಾನು ಎಷ್ಟು ಹೇಳಿದ್ರೂ "ನಿನ್ ಗಾಳಿ ಲೆಕ್ಕ ದಾರೀಲಿ ಎಲ್ಲೋ ಚೆಲ್ಲಿದೆ" ಅಂತಾರೆ. ಈಗ ಪುಸ್ತಕದಲ್ಲಿ ಎರಡೂ ಬರೀತಾರೆ, ಅವರದ್ದು ಪೆನ್ನಲ್ಲಿ, ರೇಡಿಯೋದು ಪೆನ್ಸಿಲಲ್ಲಿ.